ಶಿಷ್ಯರಿಲ್ಲದ ಸಂಗೀತ

ಲೋಕದಲ್ಲಿ ಸಂಗ್ರಹದ ಹವ್ಯಾಸವುಳ್ಳವರು ಬಹು ಬಗೆಯವರು. ಅಂಚೆಚೀಟಿಗಳನ್ನು ಕೂಡಿಸುವವರುಂಟು, ಹಳೆಯ ನಾಣ್ಯಗಳನ್ನು ಕೂಡಿಸುವವರುಂಟು, ತಾಳೆಯೋಲೆಗಳನ್ನು ಅರಸಿಕೊಂಡು ಊರೂರು ಅಲೆಯುವ ಪುಣ್ಯಾತ್ಮರೂ ಉಂಟು. ಇಂಥವರ ಮನೆಗೆ ಅತಿಥಿಗಳು ಬಂದರೆ ತೋರಿಸುವುದಕ್ಕೆ ಏನಾದರೂ ಇರುತ್ತದೆ. ನೋಡಿದವರು ಒಂದೆರಡು ಒಳ್ಳೆಯ ಮಾತುಗಳನ್ನಾಡಿ ಕಾಫಿ ಕುಡಿದು ಹೋಗುತ್ತಾರೆ. ನನ್ನ ಹವ್ಯಾಸಕ್ಕೆ ಆ ಸೌಭಾಗ್ಯವಿಲ್ಲ. ನಾನು ಕೂಡಿಸಿರುವುದು ಗ್ರಾಮಫೋನು ತಟ್ಟೆಗಳನ್ನು. ಆದರೆ ಅವುಗಳಲ್ಲಿ ಇರುವುದು ಹಾಡೂ ಅಲ್ಲ, ವಾದ್ಯವೂ ಅಲ್ಲ, ನಾಟಕವೂ ಅಲ್ಲ. ವಿದ್ಯುದ್ಯಂತ್ರಗಳಿಂದ ಹುಟ್ಟಿಸಿದ ನಾದಗಳನ್ನೂ, ರೈಲಿನ ಸದ್ದು, ಬಾಗಿಲಿನ ಕಿರುಗುಟ್ಟುವಿಕೆ ಮೊದಲಾದ ಲೋಕದ ಶಬ್ದಗಳನ್ನೂ ಪೋಣಿಸಿ ಕಳೆದ ಶತಮಾನದ ನಡುಗಾಲದಲ್ಲಿ ಐರೋಪ್ಯರೂ ಅಮೆರಿಕದವರೂ ಕಟ್ಟಿದ ಒಂದು ಪ್ರಯೋಗ ಸಂಗೀತ ಅವುಗಳಲ್ಲಿದೆ. ಅದೂ ಹೊಸ ತಟ್ಟೆಗಳಲ್ಲ. ಮತ್ತೊಬ್ಬರು ಕೇಳಿ, ಬೇಸತ್ತೋ ಸತ್ತೋ ಕೈಬಿಟ್ಟವು. ಇಂಥವು 214 ನಮ್ಮ ಮನೆಯಲ್ಲಿವೆ. ಅತಿಥಿಗಳಿಗೆ ನಾನು ಅವನ್ನು ತೋರಿಸುವುದಿಲ್ಲ.

ವೃತ್ತಿಯ ದೆಸೆಯಿಂದ 1988ರಿಂದ 2001ರವರೆಗೆ ನಾನು ಲಂಡನ್ ನಗರದಲ್ಲಿ ಇರಬೇಕಾಯಿತು. ಗ್ರಾಮಫೋನು ತಟ್ಟೆಗೆ ಅದು ಕೆಟ್ಟ ಕಾಲ; ನನ್ನಂಥವನಿಗೆ ಒಳ್ಳೆಯ ಕಾಲ. ಅಂಗೈಯಗಲದ ಕಾಂಪ್ಯಾಕ್ಟ್ ಡಿಸ್ಕುಗಳು ಬಂದು, ಜನರು ತಮ್ಮ ದೊಡ್ಡ ಕರಿಯ ತಟ್ಟೆಗಳನ್ನು ಮನೆಯಿಂದ ಹೊರಗೆ ಹಾಕುತ್ತಿದ್ದರು. ಸಾರ್ವಜನಿಕ ಪುಸ್ತಕಭಂಡಾರಗಳವರೂ, ಎರವಲು ಕೊಡಲು ಇಟ್ಟುಕೊಂಡಿದ್ದ ತಟ್ಟೆಗಳನ್ನು ಅಗ್ಗವಾಗಿ ಮಾರುತ್ತಿದ್ದರು. ಧರ್ಮಾರ್ಥವಾಗಿ ನಡೆಯುವ ಹಳೆಯ ಸಾಮಾನಿನ ಅಂಗಡಿಗಳು ಆ ನಗರದಲ್ಲಿ ಹೇರಳವಾಗಿವೆ. ಹಳೆಯ ಕೋಟುಗಳು, ಜೊತೆ ತಪ್ಪಿದ ಬಸಿಗಳು, ತೀರಿಹೋದ ಯಾರದೋ ಕನ್ನಡಕಗಳು, ಇವುಗಳ ನಡುವೆ ನೆಲದ ಮೇಲೆ ರಟ್ಟಿನ ಪೆಟ್ಟಿಗೆಯಲ್ಲಿ ತಟ್ಟೆಗಳು ಇರುತ್ತಿದ್ದುವು. ಶನಿವಾರದ ಮಧ್ಯಾಹ್ನ ಮಂಡಿಯೂರಿ ಕುಳಿತು ಅವುಗಳನ್ನು ಒಂದೊಂದಾಗಿ ತಿರುವುವುದು ನನಗೆ ದೇವತಾರ್ಚನೆಯಷ್ಟೇ ನಿಯಮದ ಕೆಲಸವಾಯಿತು.

ಅಲ್ಲಿ ನಾನು ಮೊದಲು ಕೊಂಡದ್ದು ಬೆಳ್ಳಿಯ ತಗಡಿನಂತೆ ಥಳಥಳಿಸುವ ಹೊದಿಕೆಯುಳ್ಳ ಒಂದು ತಟ್ಟೆ. ಫ್ರಾನ್ಸಿನ ಫಿಲಿಪ್ಸ್ ಕಂಪೆನಿಯವರು 1967ರಿಂದ ಹೊರಡಿಸಿದ ಒಂದು ಮಾಲೆಗೆ ಸೇರಿದ್ದು ಅದು. ಇಪ್ಪತ್ತೊಂದನೆಯ ಶತಮಾನದ ಕಡೆಗೆ ದೃಷ್ಟಿ ಎಂಬ ಅರ್ಥದ ಹೆಸರು ಆ ಮಾಲೆಯದು. ಬೆಲೆ 50 ಪೆನ್ಸ್. ಮನೆಗೆ ತಂದು ಯಂತ್ರದ ಮೇಲಿಟ್ಟು ಮುಳ್ಳನ್ನು ಇಳಿಸಿದೆ. ಅಡಿಗೆಯ ಮನೆಯಿಂದ ನನ್ನ ಮನೆಯಾಕೆ, “ಏನೂಂದ್ರೆ, ಯಂತ್ರ ಕೆಟ್ಟಿತೆ?” ಎಂದು ಕೇಳಿದಳು. ಮತ್ತೆ ಕೆಲವು ತಿಂಗಳ ಮೇಲೆ ಪಿಯೇರ್ ಆಂರಿ ಎಂಬವರು 1963ರಲ್ಲಿ ಕಟ್ಟಿದ ಒಂದು ಕೃತಿ ದೊರೆಯಿತು. ಬಾಗಿಲೊಂದರ ಕಿರುಗುಟ್ಟುವ ಸದ್ದನ್ನೂ ನಿಟ್ಟುಸಿರನ್ನೂ ಮುಖ್ಯವಾಗಿ ಹಿಡಿದು ಬೆಳಸಿದ ರಚನೆ ಅದು. ಅದನ್ನು ಹಾಕಿದ ದಿನ ಆಕೆ ಏನೂ ಕೇಳಲಿಲ್ಲ. ಒಂದು ಬಟ್ಟಲಲ್ಲಿ ಎಣ್ಣೆ ತಂದು ನನ್ನ ಮುಂದಿಟ್ಟು ಹೋದಳು.

ಈ ವ್ಯಾಪಾರಕ್ಕೆ ತನ್ನದೇ ಆದ ಪರಿಭಾಷೆಯುಂಟು. ತಟ್ಟೆಯ ದೇಹಸ್ಥಿತಿಯನ್ನು ಸೂಚಿಸಲು ವ್ಯಾಪಾರಿಗಳು ಕೆಲವು ಇಂಗ್ಲಿಷ್ ಮಾತುಗಳನ್ನು ಗೊತ್ತುಮಾಡಿಕೊಂಡಿದ್ದಾರೆ. ‘ಮಿಂಟ್’ ಎಂದರೆ ಟಂಕಸಾಲೆಯಿಂದ ಆಗತಾನೆ ಬಂದ ನಾಣ್ಯದಂತೆ ಯಾರೂ ಬಳಸದೆ ಇದ್ದದ್ದು. ‘ವೆರಿ ಗುಡ್’ ಎಂದರೆ ಗೀರುಗಳಿವೆ, ಅವು ಕಿವಿಗೂ ಬೀಳುತ್ತವೆ ಎಂದರ್ಥ. ‘ಗುಡ್’ ಎಂದರೆ ಬೇರೊಂದು ದೊರೆಯುವವರೆಗೆ ಮಾತ್ರ ಇಟ್ಟುಕೊಳ್ಳತಕ್ಕದ್ದು. ವರನ ಕಡೆಯವರು ‘ಸಾಧಾರಣ ಅನುಕೂಲಸ್ಥರು’ ಎಂದು ಬರೆದರೆ ಕನ್ಯೆಯ ತಂದೆ ಅದನ್ನು ಹೇಗೆ ಓದಿಕೊಳ್ಳುತ್ತಾನೆಯೋ ಹಾಗೆ ಇವುಗಳನ್ನು ಓದಿಕೊಳ್ಳಬೇಕು. ಇದಲ್ಲದೆ ತಟ್ಟೆಯ ನಡುವಣ ಕಾಗದದ ಸುತ್ತ ನುಣುಪಾಗಿರುವ ಜಾಗದಲ್ಲಿ ಸಣ್ಣ ಅಂಕೆಗಳನ್ನು ಕೊರೆದಿರುತ್ತಾರೆ. ಯಾವ ಮೂಲದ ಅಚ್ಚಿನಿಂದ ಈ ತಟ್ಟೆ ಇಳಿದು ಬಂದಿತೆಂಬುದನ್ನು ಬಲ್ಲವರು ಅದರಿಂದ ತಿಳಿಯುತ್ತಾರೆ. ಅದು ತಟ್ಟೆಯ ಗೋತ್ರಪ್ರವರ. ಪುಸ್ತಕಭಂಡಾರದಿಂದ ಬಂದ ನನ್ನ ಒಂದು ತಟ್ಟೆಯ ಜೊತೆಗೆ ಇನ್ನೊಂದು ಸ್ವಾರಸ್ಯವಾದ ವಸ್ತುವಿದೆ: ದುಂಡನೆಯ ಚಿತ್ರವನ್ನು ಅಚ್ಚುಮಾಡಿದ ಒಂದು ರಟ್ಟು. ಎರವಲು ಹೋದ ತಟ್ಟೆ ಹಿಂದಿರುಗಿದಾಗಲೆಲ್ಲ ಅಲ್ಲಿಯ ನೌಕರರು ಹೊಸ ಗೀರೇನಾದರೂ ಬಿದ್ದಿದೆಯೇ ಎಂದು ಪರೀಕ್ಷಿಸಿ, ಬಿದ್ದಿದ್ದರೆ ಆ ಚಿತ್ರದಲ್ಲಿ ಅದೇ ಸ್ಥಳದಲ್ಲಿ ಪೆನ್ಸಿಲಿನಿಂದ ಗುರುತು ಮಾಡುತ್ತಿದ್ದರು. ಹದಿಮೂರು ಗುರುತುಗಳಿವೆ. ಯಾರು ಯಾರೋ ಅಪರಿಚಿತರು ತಮ್ಮ ಮನೆಗಳಲ್ಲಿ ಇದನ್ನು ಕೇಳಿದರೆಂಬುದಕ್ಕೆ ನನ್ನ ಬಳಿ ಇರುವ ಸಾಕ್ಷ್ಯ ಅದೊಂದೇ.

ಈ ಸಂಗೀತ ಹುಟ್ಟಿದ ಬಗೆಯನ್ನು ವಾಚಕರಿಗೆ ಸ್ವಲ್ಪ ವಿವರಿಸಬೇಕು. ಪಿಯೇರ್ ಶೇಫರ್ ಎಂಬ ಎಂಜಿನಿಯರು ಪ್ಯಾರಿಸ್ಸಿನ ಬಾನುಲಿ ಕೇಂದ್ರದಲ್ಲಿದ್ದರು. ಅವರು 1948ರಲ್ಲಿ ಅಲ್ಲಿಯ ಬಾತಿಞೋಲ್ ರೈಲು ನಿಲ್ದಾಣಕ್ಕೆ ಹೋಗಿ ಎಂಜಿನುಗಳ ಉಸಿರು, ಸಿಳ್ಳು, ಗಾಲಿಗಳ ಬಡಿತ, ಇವನ್ನು ಮುದ್ರಿಸಿಕೊಂಡು ಬಂದು, ಅವುಗಳಿಂದ ಸುಮಾರು ಮೂರು ನಿಮಿಷದ ಒಂದು ರಚನೆಯನ್ನು ಕಟ್ಟಿದರು. ಆ ವರ್ಷದ ಅಕ್ಟೋಬರ್ 5ರಂದು ಅದು ಬಾನುಲಿಯಲ್ಲಿ ಪ್ರಸಾರವಾಯಿತು. ಆಗ ಅವರ ಕೈಯಲ್ಲಿ ಟೇಪು ಇರಲಿಲ್ಲ. ತಟ್ಟೆಗಳೇ ಅವರ ಸಾಧನ. ಹಳೆಯ ಗ್ರಾಮಫೋನು ಇದ್ದ ಮನೆಯವರೆಲ್ಲರೂ ಬಲ್ಲ ಒಂದು ತೊಂದರೆಯುಂಟಷ್ಟೆ: ಮುಳ್ಳು ಒಂದೇ ಗೆರೆಯಲ್ಲಿ ಸಿಕ್ಕಿಕೊಂಡು, ಹಾಡುವವರು ಪಲ್ಲವಿಯ ಅರ್ಧ ಮಾತನ್ನೇ ಹೇಳುತ್ತ ನಿಂತುಬಿಡುವುದು. ಮನೆಯ ಹಿರಿಯರು ಎದ್ದು ಹೋಗಿ ಮುಳ್ಳನ್ನು ಮೆಲ್ಲಗೆ ತಳ್ಳುವವರೆಗೆ ಬಿಡುಗಡೆಯಿಲ್ಲ. ಶೇಫರರು ಈ ತೊಂದರೆಯನ್ನೇ ಬೇಕೆಂದು ಮಾಡಿಕೊಂಡರು. ಗೆರೆಯು ಒಳಕ್ಕೆ ಸುರುಳಿಯಾಗಿ ಹೋಗದೆ ತನ್ನ ಬಾಲವನ್ನು ತಾನೇ ಕಚ್ಚುವ ಹಾವಿನಂತೆ ಮುಚ್ಚಿಕೊಂಡರೆ ಒಂದು ಕ್ಷಣದ ಸದ್ದು ಮತ್ತೆ ಮತ್ತೆ ಬರುತ್ತದೆ; ಹಾಗೆ ಬಂದಾಗ ಕಿವಿಯು ಅದು ರೈಲಿನದೆಂಬುದನ್ನು ಮರೆತು, ಅದರ ಲಯವನ್ನೂ ಬಣ್ಣವನ್ನೂ ಕೇಳತೊಡಗುತ್ತದೆ. ಗಂಟೆಯ ನಾದದಲ್ಲಿ ಹೊಡೆತದ ಮೊದಲ ಕ್ಷಣವನ್ನು ತೆಗೆದುಹಾಕಿ ಉಳಿದದ್ದನ್ನು ಕೇಳಿಸಿದರೆ ಅದು ಗಂಟೆಯೆಂದೇ ತೋರುವುದಿಲ್ಲವೆಂಬುದನ್ನೂ ಅವರು ಕಂಡುಕೊಂಡರು.

ಅದೇ 1948ರ ಜೂನ್ ತಿಂಗಳಲ್ಲಿ ಅಮೆರಿಕದ ಕೊಲಂಬಿಯ ಕಂಪೆನಿಯವರು ದೀರ್ಘಕಾಲದ ತಟ್ಟೆಯನ್ನು ಹೊರತಂದರು. ಅದುವರೆಗಿನ ಅರಗಿನ ತಟ್ಟೆ ಒಂದು ಮಗ್ಗುಲಿಗೆ ಮೂರು ನಾಲ್ಕು ನಿಮಿಷಗಳಲ್ಲಿ ಮುಗಿಯುತ್ತಿತ್ತು. ವಿನೈಲ್ ಎಂಬ ಹೊಸ ದ್ರವ್ಯದ ಈ ತಟ್ಟೆ ನಿಮಿಷಕ್ಕೆ 33 1/3 ಸುತ್ತು ತಿರುಗುತ್ತ ಇಪ್ಪತ್ತು ನಿಮಿಷಗಳಿಗೂ ಮಿಕ್ಕು ನಡೆಯುತ್ತದೆ. ಈ ಎರಡು ಸಂಗತಿಗಳಿಗೆ ಒಂದಕ್ಕೊಂದು ಸಂಬಂಧವಿರಲಿಲ್ಲ. ಆದರೂ ಮುಂದೆ ಅವು ಕೂಡಿದುವು. 1967ರಲ್ಲಿ ಮಾರ್ಟನ್ ಸಬಾಟ್ನಿಕ್ ಎಂಬ ಅಮೆರಿಕದ ರಚನಕಾರರಿಂದ ನಾನ್‌ಸಚ್ ಎಂಬ ಕಂಪೆನಿಯವರು ಅರ್ಧ ಗಂಟೆಯ ಒಂದು ವಿದ್ಯುತ್ಕೃತಿಯನ್ನು ಬರೆಸಿದರು. ಸಭೆಯಲ್ಲಿ ನುಡಿಸುವುದಕ್ಕಾಗಿ ಅದನ್ನು ಬರೆಸಲಿಲ್ಲ, ತಟ್ಟೆಗಾಗಿಯೇ ಬರೆಸಿದರು. ಎರಡು ಮಗ್ಗುಲಿಗೆ ಎರಡು ಭಾಗ. ತಟ್ಟೆಯನ್ನು ಮಗುಚಿಡುವ ಕೇಳುಗನ ಕೈಯೂ ಆ ರಚನೆಯ ಲೆಕ್ಕದಲ್ಲಿ ಸೇರಿದೆ. ಒಂದು ಕಚೇರಿಯ ತಟ್ಟೆಯು ಆ ಕಚೇರಿಯ ನೆರಳು ಎನ್ನಬಹುದು. ಇಲ್ಲಿಯಾದರೋ ನೆರಳಿಗೆ ಹಿಂದೆ ದೇಹವಿಲ್ಲ, ತಟ್ಟೆಯೇ ದೇಹ.

ಹಳೆಯ ತಟ್ಟೆಯಲ್ಲಿ ಇಂಥ ಸಂಗೀತವನ್ನು ಕೇಳುವವನಿಗೆ ಒಂದು ವಿಚಿತ್ರ ಸಂಕಟವುಂಟು. ವೀಣೆಯ ತಟ್ಟೆಯಲ್ಲಿ ಚಟ್ ಎಂದರೆ ಅದು ಗೀರಿನ ಸದ್ದೆಂದು ಮಕ್ಕಳೂ ಹೇಳುತ್ತಾರೆ. ಶಬ್ದಗಳಿಂದಲೇ ಕಟ್ಟಿದ ಸಂಗೀತದಲ್ಲಿ ಚಟ್ ಎಂದರೆ ಅದು ರಚನಕಾರನದೋ, ಹಿಂದೆ ಇದನ್ನು ಅಜಾಗ್ರತೆಯಿಂದ ಹಿಡಿದವನದೋ? ಇದಕ್ಕೆ ಒಂದು ಉಪಾಯವಿದೆ. ತಟ್ಟೆ ಒಂದು ಸುತ್ತು ಬರುವುದಕ್ಕೆ ಸರಿಯಾಗಿ 1.8 ಸೆಕೆಂಡು ಬೇಕು. ಗೀರಿನ ಸದ್ದು ಆ ಅಂತರವನ್ನು ತಪ್ಪುವುದಿಲ್ಲ. ಆದುದರಿಂದ ನಾನು ಬೆರಳಿನಿಂದ ತಾಳ ಹಾಕುತ್ತ ಕೇಳುತ್ತೇನೆ. ಎಣಿಕೆಗೆ ಸರಿಯಾಗಿ ಬಂದರೆ ಅದು ಗೀರು, ಬಾರದಿದ್ದರೆ ಸಂಗೀತ. ಕೆಲವು ತಟ್ಟೆಗಳನ್ನು ಇಪ್ಪತ್ತು ಮೂವತ್ತು ವರ್ಷ ಕೇಳಿದ ಮೇಲೆ ಆ ಗೀರುಗಳೂ ನನಗೆ ಪರಿಚಿತವಾಗಿ, ಅವಿಲ್ಲದ ಪ್ರತಿಯನ್ನು ಬೇರೆಡೆಯಲ್ಲಿ ಕೇಳಿದಾಗ ಏನೋ ಬಿಟ್ಟುಹೋದಂತೆನಿಸುವುದುಂಟು.

ನಾನು ಊರಿಗೆ ಹಿಂದಿರುಗಿ ಶಿವಮೊಗ್ಗದಲ್ಲಿ ನೆಲಸಿದ ಮೇಲೆ ನಮ್ಮ ಬೀದಿಯ ಸಂಗೀತದ ಮೇಷ್ಟರು ಒಂದು ಸಂಜೆ ಬಂದರು. ಅರುವತ್ತು ವರ್ಷಗಳಿಂದ ಪಿಟೀಲು ನುಡಿಸಿದವರು, ನನಗಿಂತ ಹಿರಿಯರು, ಯಾವುದನ್ನೂ ಕೇಳದೆ ತಳ್ಳಿಹಾಕತಕ್ಕವರಲ್ಲ. “ರಾಯರೆ, ನಿಮ್ಮ ಆ ಸಂಗೀತವನ್ನು ನನಗೂ ಒಂದಿಷ್ಟು ಕೇಳಿಸಿ” ಎಂದರು. ಜರ್ಮನಿಯ ಕಲೋನ್ ಬಾನುಲಿ ಕೇಂದ್ರದಲ್ಲಿ ಕಾರ್ಲ್‌ಹೈನ್ಸ್ ಷ್ಟಾಕ್‌ಹೌಸೆನ್ ಎಂಬವರು ರಚಿಸಿ, 1956ರ ಮೇ 30ರಂದು ಮೊದಲು ಕೇಳಿಸಿದ ಕೃತಿಯನ್ನು ನಾನು ಆರಿಸಿದೆ. ಹನ್ನೆರಡು ವರ್ಷದ ಬಾಲಕನೊಬ್ಬನ ಕಂಠವನ್ನು ಮುದ್ರಿಸಿ, ಅದನ್ನು ಯಂತ್ರದ ನಾದಗಳೊಡನೆ ಬೆರಸಿ, ಎಲ್ಲಿ ಕಂಠ ಮುಗಿದು ಎಲ್ಲಿ ಯಂತ್ರ ಮೊದಲಾಯಿತೆಂದು ತಿಳಿಯದಂತೆ ಮಾಡಿದ್ದಾರೆ. ಉರಿಯುವ ಕುಲುಮೆಗೆ ದೂಡಲ್ಪಟ್ಟ ಮೂವರು ತರುಣರು ಬೇಯದೆ ದೇವರನ್ನು ಸ್ತುತಿಸಿದರೆಂಬ ಬೈಬಲಿನ ಕಥೆ ಅದರ ವಸ್ತು. ನಮ್ಮ ಪ್ರಹ್ಲಾದನನ್ನು ನೆನಪಿಗೆ ತರುವಂಥದು. ಹದಿಮೂರು ನಿಮಿಷ ಮೇಷ್ಟರು ಕಣ್ಣು ಮುಚ್ಚಿ ಕುಳಿತಿದ್ದರು.

ಮುಗಿದ ಮೇಲೆ, “ಶ್ರುತಿಯನ್ನು ಹುಡುಕಿದೆ; ದೊರೆಯಲಿಲ್ಲ. ಆದರೆ ಆ ಹುಡುಗನ ದನಿ ದೂರದಲ್ಲಿ ಒಮ್ಮೆ ಒಂದೇ ಆಗಿ ಕೇಳಿಸಿತಲ್ಲ, ಆಗ ಮೈ ಝುಮ್ಮೆಂದಿತು” ಎಂದರು. ಅನಂತರ ಸ್ವಲ್ಪ ಹೊತ್ತು ಸುಮ್ಮನಿದ್ದು, “ಈ ವಿದ್ಯೆಯನ್ನು ಯಾರು ಯಾರಿಗೆ ಹೇಳಿಕೊಡುತ್ತಾರೆ, ರಾಯರೆ? ಇದಕ್ಕೆ ಶಿಷ್ಯರುಂಟೇ?” ಎಂದು ಕೇಳಿದರು.

“ಇಂಥ ಸಂಗೀತವನ್ನು ಕಟ್ಟಲು ಕಲಿಸುವವರುಂಟು, ಮೇಷ್ಟರೆ. ಆದರೆ ಈ ಕೃತಿಯನ್ನೇ ಮತ್ತೆ ಹಾಡುವವರು, ನುಡಿಸುವವರು, ಯಾರೂ ಇಲ್ಲ. ಇದು ಇರುವುದು ಟೇಪಿನಲ್ಲಿ, ತಟ್ಟೆಯಲ್ಲಿ.”

“ಹಾಗಾದರೆ ತಟ್ಟೆ ಒಡೆದರೆ?”

ಆ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ತ್ಯಾಗರಾಜರು 1847ರಲ್ಲಿ ದೇಹಬಿಟ್ಟರು. ಆಗ ಧ್ವನಿಮುದ್ರಣವೆಂಬುದೇ ಇರಲಿಲ್ಲ. ಆದರೂ ವಾಲಾಜಾಪೇಟೆ, ಉಮಯಾಳ್ಪುರ, ತಿಲ್ಲೈಸ್ಥಾನ, ಈ ಊರುಗಳ ಶಿಷ್ಯಪರಂಪರೆಗಳು ಅವರ ಕೃತಿಗಳನ್ನು ಕಂಠದಿಂದ ಕಂಠಕ್ಕೆ ದಾಟಿಸಿದುವು. ಲೋಕದಲ್ಲಿರುವ ಗ್ರಾಮಫೋನು ತಟ್ಟೆಗಳೆಲ್ಲ ನಾಳೆ ಪುಡಿಯಾದರೂ ನಮ್ಮ ಮೇಷ್ಟರ ಮನೆಯಲ್ಲಿ ಬೆಳಗಿನ ಪಾಠ ನಿಲ್ಲುವುದಿಲ್ಲ. ದಾಟುವಾಗ ಸಂಗತಿಗಳು ಬದಲಾಗುತ್ತವೆ, ಹೊಸವು ಹುಟ್ಟುತ್ತವೆ. ಅದೂ ಜೀವದ ಲಕ್ಷಣವೇ. ವಿದ್ಯುತ್ಸಂಗೀತಕ್ಕೆ ಈ ಅದೃಷ್ಟವಿಲ್ಲ. ರಚನಕಾರನು ನಾದದ ಪ್ರತಿಯೊಂದು ಕಣವನ್ನೂ ತಾನೇ ಗೊತ್ತುಮಾಡಿಬಿಟ್ಟಿರುವುದರಿಂದ ಮತ್ತೊಬ್ಬನು ಅದನ್ನು ನುಡಿಸಲಾರನು. ಪೂರ್ಣ ಸ್ವಾತಂತ್ರ್ಯಕ್ಕೆ ಅವರು ತೆತ್ತ ಬೆಲೆ ಇದು.

ಬೆಲೆ ಎಷ್ಟೆಂಬುದಕ್ಕೆ ನಿದರ್ಶನಗಳಿವೆ. ಲಂಡನ್ನಿನ ಬಿ.ಬಿ.ಸಿ.ಯವರು 1958ರಲ್ಲಿ ವಿದ್ಯುನ್ನಾದಗಳಿಗಾಗಿ ಒಂದು ಕಾರ್ಯಾಗಾರವನ್ನು ತೆರೆದರು. ಅದು 1998ರಲ್ಲಿ ಮುಚ್ಚಿತು. ಅಲ್ಲಿ ಡೀಲಿಯ ಡರ್ಬಿಷೈರ್ ಎಂಬ ಮಹಿಳೆ ಇದ್ದರು. 1963ರಲ್ಲಿ ಒಂದು ದೂರದರ್ಶನ ಕಥಾಮಾಲೆಗಾಗಿ ಬೇರೊಬ್ಬರು ಬರೆದುಕೊಟ್ಟ ರಾಗವನ್ನು, ಮೀಟಿದ ತಂತಿಯ ಒಂದು ಸ್ವರ ಮತ್ತು ಯಂತ್ರದ ನಾದಗಳನ್ನು ಟೇಪಿಗೆ ಹಿಡಿದು, ಒಂದೊಂದು ಸ್ವರಕ್ಕೂ ಟೇಪನ್ನು ಅಳೆದು ಕತ್ತರಿಸಿ ಅಂಟಿಸಿ ಅವರು ನಾದರೂಪಕ್ಕೆ ತಂದರು. ‘ಡಾಕ್ಟರ್ ಹೂ’ ಎಂಬ ಆ ಮಾಲೆಯ ಮುನ್ನುಡಿಯ ನಾದ ಇಂಗ್ಲೆಂಡಿನ ಮಕ್ಕಳಿಗೆಲ್ಲ ಗೊತ್ತು. ಅವರು 2001ರಲ್ಲಿ ತೀರಿಕೊಂಡರು. ಅನಂತರ ಅವರ ಮನೆಯ ಅಟ್ಟದಲ್ಲಿ 250ಕ್ಕೂ ಹೆಚ್ಚು ಟೇಪುಗಳು ದೊರೆತುವು. ಅವು ಈಗ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ವಶದಲ್ಲಿವೆ. ಅಟ್ಟವನ್ನು ತೆರವು ಮಾಡಿದವರು ಅವಸರದವರಾಗಿದ್ದರೆ ಏನಾಗುತ್ತಿತ್ತು?

ಇದು ಪರದೇಶದ ಮಾತು ಮಾತ್ರವಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಎಂಬ ಸಂಗೀತಗಾರರು ಬಂದು ಮೂಗ್ ಎಂಬ ವಿದ್ಯುದ್ಯಂತ್ರವನ್ನು ನೆಲೆಗೊಳಿಸಿದರು. ಪಖಾವಾಜ್ ವಾದನವನ್ನು ಅಭ್ಯಾಸ ಮಾಡಿದ್ದ ಗೀತಾ ಸಾರಾಭಾಯಿಯವರೂ ಇತರ ಕೆಲವರೂ ಅಲ್ಲಿ 1972ರವರೆಗೆ ಪ್ರಯೋಗಗಳನ್ನು ನಡೆಸಿದರು. ಆ ಟೇಪುಗಳು ಸಂಸ್ಥೆಯ ಸಂಗ್ರಹದಲ್ಲಿ ಮರೆತು ಬಿದ್ದಿದ್ದು, 2017ರಲ್ಲಿ ಪಾಲ್ ಪರ್ಗಸ್ ಎಂಬ ಸಂಶೋಧಕ ಸಂಗೀತಗಾರರ ಕಣ್ಣಿಗೆ ಬಿದ್ದುವು. 2023ರಲ್ಲಿ ತಟ್ಟೆಯಾಗಿ ಹೊರಬಂದುವು. ಸುಮಾರು ಅರ್ಧ ಶತಮಾನ ಆ ನಾದಕ್ಕೆ ಕೇಳುಗರೇ ಇರಲಿಲ್ಲ.

ಮುಂಬಯಿಯ ಚರಣ್‌ಜಿತ್ ಸಿಂಗರದು ಇನ್ನೂ ಸೋಜಿಗ. ಹಿಂದೀ ಚಲಚ್ಚಿತ್ರಗಳ ವಾದ್ಯಗೋಷ್ಠಿಗಳಲ್ಲಿ ನುಡಿಸುತ್ತಿದ್ದ ಅವರು 1982ರಲ್ಲಿ ಆಗತಾನೆ ಬಂದಿದ್ದ ಜಪಾನಿನ ಯಂತ್ರಗಳನ್ನಿಟ್ಟುಕೊಂಡು ಭೈರವ್, ಲಲಿತ್, ಮಾಲ್‌ಕೌಂಸ್ ಮೊದಲಾದ ಹತ್ತು ರಾಗಗಳನ್ನು ಒಂದು ತಟ್ಟೆಗಾಗಿ ನುಡಿಸಿದರು. ತಟ್ಟೆ ಹೆಚ್ಚು ಮಾರಲಿಲ್ಲ, ಜನರು ಮರೆತರು. 2002ರಲ್ಲಿ ಹಾಲೆಂಡಿನ ಸಂಗ್ರಾಹಕರೊಬ್ಬರಿಗೆ ದೆಹಲಿಯಲ್ಲಿ ಹಳೆಯ ತಟ್ಟೆಗಳ ನಡುವೆ ಅದರ ಒಂದು ಪ್ರತಿ ಕೈಗೆ ಸಿಕ್ಕಿತು. ಅವರು ಅದನ್ನು 2010ರಲ್ಲಿ ಮರುಮುದ್ರಿಸಿದರು. ಷಿಕಾಗೋ ನಗರದಲ್ಲಿ ಕೆಲವು ವರ್ಷಗಳ ಅನಂತರ ಹುಟ್ಟಿದ ಒಂದು ಬಗೆಯ ನೃತ್ಯಸಂಗೀತವನ್ನೇ ಹೋಲುವ ನಾದ ಇದರಲ್ಲಿ ಮುಂಚಿತವಾಗಿಯೇ ಇರುವುದನ್ನು ಕೇಳಿ ಲೋಕ ಬೆರಗಾಯಿತು. ಮುದುಕರಾಗಿದ್ದ ಸಿಂಗರು ವಿದೇಶಗಳಿಗೆ ಹೋಗಿ ಆ ರಾಗಗಳನ್ನು ಮತ್ತೆ ನುಡಿಸಿ, 2015ರಲ್ಲಿ ತೀರಿಕೊಂಡರು. ಹಳೆಯ ಸಾಮಾನಿನ ಅಂಗಡಿಯಲ್ಲಿ ಮಂಡಿಯೂರುವವನಿಗೆ ಲೋಕದಲ್ಲಿ ಏನು ಕೆಲಸವೆಂದು ಕೇಳುವವರಿಗೆ ನಾನು ಈ ಕಥೆಯನ್ನು ಹೇಳುತ್ತೇನೆ. ಶಿಷ್ಯರಿಲ್ಲದ ಸಂಗೀತಕ್ಕೆ ಅವನೇ ಶಿಷ್ಯ. ಹಾಡಲು ಬಾರದ ಶಿಷ್ಯ. ಕಾಪಾಡಬಲ್ಲನು, ಮತ್ತೊಬ್ಬನಿಗೆ ಕೊಡಬಲ್ಲನು, ಅಷ್ಟೆ.

ಪುಣೆಯಲ್ಲಿರುವ ನನ್ನ ಮಗ ಈ ಮಾತನ್ನು ಒಪ್ಪುವುದಿಲ್ಲ. “ಅಪ್ಪಾ, ಇವೆಲ್ಲ ಮೊಬೈಲಿನಲ್ಲೇ ಸಿಗುತ್ತವೆ. ಇಷ್ಟು ಭಾರವನ್ನು ಯಾಕೆ ಹೊತ್ತುಕೊಂಡಿದ್ದೀರಿ?” ಎನ್ನುತ್ತಾನೆ. ಅವನ ಮಾತಿನಲ್ಲಿ ಸತ್ಯವಿದೆ. ಅನೇಕ ಕೃತಿಗಳು ಹಾಗೆ ಸಿಗುತ್ತವೆ. ಕೆಲವನ್ನು ನಾನೂ ಹಾಗೆಯೇ ಕೇಳುತ್ತೇನೆ. ಆದರೆ ಹಾಗೆ ಸಿಗುವ ಎಷ್ಟೋ ಕೃತಿಗಳ ಹಿಂದೆ ಎಲ್ಲಿಯೋ ಒಂದು ತಟ್ಟೆಯನ್ನು ಕಸಕ್ಕೆ ಹಾಕದೆ ಉಳಿಸಿಕೊಂಡ ಒಬ್ಬ ಮನುಷ್ಯನಿದ್ದಾನೆ. ನನ್ನಲ್ಲಿರುವ ಹತ್ತಾರು ತಟ್ಟೆಗಳು ಹುಡುಕಿದರೂ ಎಲ್ಲಿಯೂ ಸಿಗುವುದಿಲ್ಲ. ಅವು ಶ್ರೇಷ್ಠ ಕೃತಿಗಳೆಂದು ನಾನು ವಾದಿಸಲಾರೆ. ಕೆಲವು ನಿದ್ರೆ ಬರಿಸುವಂಥವು. ಆದರೆ ನೀರಸವಾದದ್ದೂ ಯಾರದೋ ವರ್ಷಗಟ್ಟಲೆಯ ಶ್ರಮ.

ನನಗೆ ಈಗ ಅರುವತ್ತೆಂಟು ವರ್ಷ. ಮಲೆನಾಡಿನ ಮಳೆಗಾಲ ಈ ತಟ್ಟೆಗಳಿಗೆ ಶತ್ರು. ಆಷಾಢ ಬಂದರೆ ಹೊದಿಕೆಗಳಿಗೆ ಬೂಸು ಹಿಡಿಯುತ್ತದೆ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಬಾರದು, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಬೇಕು. ಬಿಸಿಲು ತಾಗಿದರೆ ಹಪ್ಪಳದಂತೆ ಸೊಟ್ಟಗಾಗುತ್ತವೆ. ಬಟ್ಟಿಯಿಳಿಸಿದ ನೀರಿಗೆ ಒಂದು ಹನಿ ಸೌಮ್ಯವಾದ ಸಾಬೂನು ಬೆರಸಿ, ಮೆತ್ತನೆಯ ಬಟ್ಟೆಯಿಂದ ಗೆರೆಯ ದಿಕ್ಕಿನಲ್ಲಿಯೇ ಒರಸಿ, ಮತ್ತೆ ಬರಿಯ ನೀರಿನಿಂದ ತೊಳೆದು ಆರಿಸುತ್ತೇನೆ. ದಿನಕ್ಕೆ ನಾಲ್ಕರಂತೆ ಎಲ್ಲವನ್ನೂ ಮುಗಿಸಲು ಎರಡು ತಿಂಗಳು ಹಿಡಿಯುತ್ತದೆ. ಎಣ್ಣೆಯ ಬಟ್ಟಲು ತಂದಿಟ್ಟವಳೇ ಈಗ ಒಗೆದ ಬಟ್ಟೆಗಳನ್ನು ಮಡಿಸಿ ಕೊಡುತ್ತಾಳೆ. ನನ್ನ ಅನಂತರ ಇದನ್ನು ಮಾಡುವವರು ಯಾರು?

ಮಗನ ಒತ್ತಾಯಕ್ಕೆ ಹೋದ ವರ್ಷ ಬೆಂಗಳೂರಿನಿಂದ ಒಬ್ಬ ವ್ಯಾಪಾರಿಯನ್ನು ಕರೆಸಿದೆವು. ಸಭ್ಯನಾದ ಯುವಕ. ಎಲ್ಲವನ್ನೂ ನೋಡಿ ಹನ್ನೊಂದನ್ನು ಬೇರೆ ತೆಗೆದಿಟ್ಟು, ಅವಕ್ಕೆ ನಾನು ನಿರೀಕ್ಷಿಸದಷ್ಟು ದೊಡ್ಡ ಬೆಲೆ ಹೇಳಿದ. ಬೆಳ್ಳಿಯ ಹೊದಿಕೆಯದೂ ಅವುಗಳಲ್ಲಿತ್ತು. “ಉಳಿದವುಗಳಿಗೆ?” ಎಂದೆ. “ಅವು ಯಾರಿಗೂ ಬೇಡ ಸಾರ್, ಗೋಡೆಗೆ ಅಲಂಕಾರಕ್ಕೆ ತೂಗುಹಾಕುವವರು ಬೇಕಾದರೆ ಕೊಳ್ಳುತ್ತಾರೆ” ಎಂದ. ನಾನು ಹನ್ನೊಂದನ್ನೂ ಕೊಡಲಿಲ್ಲ. ಆತನ ಮೇಲೆ ನನಗೆ ಕೋಪವೇನೂ ಇಲ್ಲ. ಆತನಿಗೆ ಅದು ಜೀವನೋಪಾಯ. ಆದರೆ ಸಂಗ್ರಹವು ಬಿಡಿಯಾದರೆ ಬೆಲೆಯುಳ್ಳವು ಬದುಕುತ್ತವೆ, ಬೆಲೆಯಿಲ್ಲದವು ಗೋಡೆ ಸೇರುತ್ತವೆ. ಬೇರೆಲ್ಲಿಯೂ ಇಲ್ಲದ ನಾದಗಳು ಈ ಎರಡನೆಯ ಗುಂಪಿನಲ್ಲಿಯೇ ಹೆಚ್ಚು.

ಅಂದಿನಿಂದ ಒಂದು ಕೆಲಸವನ್ನು ಹಿಡಿದಿದ್ದೇನೆ. ಪ್ರತಿಯೊಂದು ಹೊದಿಕೆಯೊಳಗೂ ಒಂದು ಚೀಟಿಯನ್ನು ಬರೆದಿಡುತ್ತಿದ್ದೇನೆ: ಈ ತಟ್ಟೆ ಎಲ್ಲಿ, ಯಾವ ವರ್ಷ, ಎಷ್ಟಕ್ಕೆ ದೊರೆಯಿತು, ರಚಿಸಿದವರು ಯಾರು, ಯಾವ ಸಾಧನದಿಂದ ರಚಿಸಿದರು, ಎಷ್ಟನೆಯ ನಿಮಿಷದಲ್ಲಿ ಬರುವ ಚಟ್ ಎಂಬುದು ಗೀರು, ಯಾವುದು ಸಂಗೀತ, ಬೇರೆಡೆ ದೊರೆಯುತ್ತದೆಯೇ ಇಲ್ಲವೇ. ಚೀಟಿಗಳನ್ನು ಕನ್ನಡದಲ್ಲಿಯೇ ಬರೆಯುತ್ತೇನೆ. ನನಗೆ ಕೇಳಿಸಿದ್ದನ್ನು ಸರಿಯಾಗಿ ಹೇಳಲು ನನಗೆ ಬರುವ ಭಾಷೆ ಅದೊಂದೇ. ರೈಲಿನ ಎಂಜಿನು ನಿಟ್ಟುಸಿರಿಡುವುದಕ್ಕೂ ಬುಸುಗುಡುವುದಕ್ಕೂ ಇರುವ ಭೇದವನ್ನು ಕನ್ನಡ ಚೆನ್ನಾಗಿ ಹೇಳುತ್ತದೆ. ಇದುವರೆಗೆ 140 ಚೀಟಿಗಳಾಗಿವೆ. ಉಳಿದ 74 ಬರುವ ಮಳೆಗಾಲದೊಳಗೆ ಮುಗಿಯಬೇಕು.

ಮೇಷ್ಟರ ಮೊಮ್ಮಗಳು ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದಾಳೆ. ಅಜ್ಜನ ಮಾತು ಕೇಳಿ ಎರಡು ಭಾನುವಾರ ಬಂದಿದ್ದಳು. ಮೊದಲನೆಯ ಸಲ ನಗು ತಡೆದುಕೊಂಡಳು. ಎರಡನೆಯ ಸಲ ಮುಚ್ಚಿದ ಗೆರೆಯ ಯುಕ್ತಿಯನ್ನು ಕೇಳಿ ತಿಳಿದುಕೊಂಡು, ಶೇಫರರ ರೈಲನ್ನು ಮೂರು ಬಾರಿ ಹಾಕಿಸಿ, ಬೆರಳಿನಿಂದ ತಾಳ ಹಾಕಿ ನೋಡಿದಳು. ಮುಂದೆ ಬರುವಳೋ ಬಾರಳೋ ತಿಳಿಯದು, ಪರೀಕ್ಷೆಗಳು ಹತ್ತಿರವಾಗಿವೆ. ಈ ಪತ್ರಿಕೆಯ ವಾಚಕರ ಮನೆಗಳಲ್ಲಿಯೂ ಕುತೂಹಲವುಳ್ಳ ಕಿರಿಯರು ಇದ್ದರೆ, ಭಾನುವಾರ ಮಧ್ಯಾಹ್ನ ಮೂರು ಗಂಟೆಯ ಮೇಲೆ ನಮ್ಮ ಮನೆಯ ಬಾಗಿಲು ತೆರೆದಿರುತ್ತದೆ. ಅದು ಕಿರುಗುಟ್ಟುತ್ತದೆ, ಎಣ್ಣೆ ಬಿಟ್ಟಿಲ್ಲ.